ಹಿಂದಿನ ಆಕ್ಸಲ್ ಕೊಳ್ಳುವ ಮುನ್ನ ಹಲ್ಲು ಎಣಿಸಿ

ಎತ್ತು ಕೊಳ್ಳಲು ಹೋದವರು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಕೊಡಬಲ್ಲ ಫೋರ್ ವೀಲ್ ಜೀಪಿಗೆ ಹಳೆಯ ಆಕ್ಸಲ್, ಅಂದರೆ ಚಕ್ರಗಳ ಅಚ್ಚು, ಕೊಳ್ಳುವಾಗಲೂ ಮಾಡಬೇಕಾದದ್ದು ಅದನ್ನೇ. ನಾನು ಮಾಡಲಿಲ್ಲ.

ಶಿರಸಿಯಿಂದ ಪಶ್ಚಿಮಕ್ಕೆ, ಘಟ್ಟದ ಅಂಚಿನಲ್ಲಿ ನಮ್ಮ ಮನೆ. ಅಡಿಕೆ ತೋಟ ಕೆಳಗೆ ಕಣಿವೆಯಲ್ಲಿದೆ, ನಡುವೆ ಕಡಿದಾದ ಮಣ್ಣುದಾರಿ. ಬೆಟ್ಟದಿಂದ ಸೊಪ್ಪು, ದರಕು ಇಳಿಸುವುದು, ಕೊಯ್ಲಿನಲ್ಲಿ ಗೊನೆ ಮೇಲಕ್ಕೆ ತರುವುದು ಎಲ್ಲವೂ ಮೂರು ಗೇರಿನ ಒಂದು ಹಳೆಯ ಜೀಪಿನಿಂದಲೇ ನಡೆಯುತ್ತದೆ. ಹೋದ ವರ್ಷ ಕಲ್ಲು ಹೇರಿಕೊಂಡು ಬರುವಾಗ ಹಿಂದಿನ ಆಕ್ಸಲ್ ಹೌಸಿಂಗಿನ (ಹೊರಕವಚದ) ಎಡಗಡೆಯ ಕೊಳವೆ ಬಿರುಕು ಬಿಟ್ಟಿತು. ಆ ಜಾಗ ಅದಾಗಲೇ ಎರಡು ಸಲ ವೆಲ್ಡಿಂಗ್ ಕಂಡಿತ್ತು. ಮೂರನೆಯ ಸಲ ಬೇಡವೆಂದು ಗುಜರಿಯಿಂದ ಇಡೀ ಆಕ್ಸಲ್ ತಂದೆವು. ಅಗಲ ಸರಿಯಿತ್ತು, ಸ್ಪ್ರಿಂಗ್ ಪಟ್ಟಿ ಕೂರುವ ಜಾಗ ಸರಿಯಿತ್ತು, ಬ್ರೇಕ್ ಡ್ರಮ್ಮು, ಚಕ್ರದ ಐದು ಬೋಲ್ಟು ಎಲ್ಲವೂ ಹೊಂದಿದವು. ಒಂದೇ ದಿನದಲ್ಲಿ ಕೂಡಿಸಿ ಮುಗಿಯಿತು. ಮರುದಿನ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ಬಂದೆ. ಎಂಜಿನ್ನಿನ ಆರ್ಭಟ ಮೊದಲಿಗಿಂತ ಕಡಿಮೆಯಾದಂತೆ ಅನಿಸಿ ಹಿಗ್ಗಿದೆ.

ಮಳೆ ಹಿಡಿದ ಮೇಲೆ ಒಂದು ದಿನ ತೋಟಕ್ಕೆ ಇಳಿದವನು, ಮುಂದಿನ ಚಕ್ರಗಳನ್ನು ಅವುಗಳ ಆಕ್ಸಲ್‌ಗೆ ಜೋಡಿಸುವ ಹಬ್‌ಗಳನ್ನು ಲಾಕ್ ಮಾಡಿ, ಫೋರ್ ವೀಲ್ ಹಾಕಿ ಏರು ಹತ್ತಿದೆ. ಕೆಸರಿನಲ್ಲಿ ಗಾಡಿ ಸಲೀಸಾಗಿ ಬಂತು. ಮನೆಯ ಹತ್ತಿರ ಜಂಬಿಟ್ಟಿಗೆ ಕಲ್ಲು ಹಾಸಿದ ಗಟ್ಟಿ ನೆಲ ಸಿಕ್ಕಿದ್ದೇ, ಯಾರೋ ಹಿಂದಿನಿಂದ ಹಗ್ಗ ಹಾಕಿ ಜಗ್ಗಿದಂತೆ ಬಿಗಿಯಿತು. ಆಕ್ಸಿಲರೇಟರ್ ಒತ್ತಿದರೆ ಕೆಳಗಿನಿಂದ ಟಕ್ ಎಂಬ ಸದ್ದು. ನಿಲ್ಲಿಸಿ ಲಿವರನ್ನು ಟೂ ವೀಲಿಗೆ ಎಳೆದರೆ ಅದು ಕದಲಲಿಲ್ಲ. ಚಕ್ರಗಳಿಗೆ ಕಲ್ಲು ಕೊಟ್ಟು ಮುಂದಿನ ಬಲ ಚಕ್ರಕ್ಕೆ ಜಾಕ್ ಹಚ್ಚಿದೆವು. ಟಯರು ನೆಲ ಬಿಟ್ಟ ಆ ಕ್ಷಣ, ಯಾರೂ ಮುಟ್ಟದೆ, ಅದು ತಾನೇ ಗೇಣಿನಷ್ಟು ಹಿಂದಕ್ಕೆ ಸರಕ್ಕನೆ ತಿರುಗಿ ನಿಂತಿತು. ಆಮೇಲೆ ಲಿವರ್ ಎರಡು ಬೆರಳಿಗೆ ಬಂತು.

ಗ್ಯಾರೇಜಿನ ಹಿರಿಯ ಮೇಸ್ತ್ರಿಗೆ ಇದನ್ನು ಹೇಳಿದಾಗ ಅವರು ಗಾಡಿಯ ಹತ್ತಿರವೂ ಹೋಗದೆ ಕೇಳಿದ್ದು ಒಂದೇ ಪ್ರಶ್ನೆ: “ಭಟ್ಟರೇ, ಹಿಂದಿನ ಕ್ರೌನಿಗೆ ಎಷ್ಟು ಹಲ್ಲು?”

ಆಕ್ಸಲ್‌ನ ನಡುವಿನ ಗುಂಡು ಭಾಗದೊಳಗೆ ಎರಡು ಹಲ್ಲುಚಕ್ರಗಳಿವೆ. ಗೇರ್ ಬಾಕ್ಸಿನ ಕಡೆಯಿಂದ ಆಕ್ಸಲ್‌ಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟಿನ ತುದಿಗೆ ಸೇರುವ ಚಿಕ್ಕದು ಪಿನಿಯನ್. ಅದು ತಿರುಗಿಸುವ ದೊಡ್ಡ ಬಳೆ ಕ್ರೌನ್. ನನ್ನ ಹಳೆಯ ಆಕ್ಸಲ್‌ನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43. ನಲವತ್ತಮೂರನ್ನು ಎಂಟರಿಂದ ಭಾಗಿಸಿದರೆ 5.375. ಪುಸ್ತಕಗಳಲ್ಲಿ ಇದನ್ನೇ 5.38 ಎಂದು ಬರೆಯುತ್ತಾರೆ. ಅಂದರೆ ಶಾಫ್ಟು ಐದು ಸುತ್ತು ಮುಗಿಸಿ ಆರನೆಯದರ ಮೂರನೇ ಒಂದಂಶಕ್ಕಿಂತ ತುಸು ಹೆಚ್ಚು ತಿರುಗಿದಾಗ ಚಕ್ರ ಒಂದು ಸುತ್ತು ಮುಗಿಸುತ್ತದೆ. ಗುಜರಿಯಿಂದ ತಂದದ್ದರಲ್ಲಿ ಪಿನಿಯನ್ನಿಗೆ ಅದೇ 8 ಹಲ್ಲು, ಆದರೆ ಕ್ರೌನಿಗೆ 39. ಅನುಪಾತ 4.875, ರೂಢಿಯಲ್ಲಿ 4.88. ಪಿನಿಯನ್ ಮಾತ್ರ ನೋಡಿ ತೃಪ್ತಿಪಟ್ಟವನು ಇಲ್ಲಿ ಖಂಡಿತ ಮೋಸ ಹೋಗುತ್ತಾನೆ.

ಒಂದೇ ವಂಶದ ಜೀಪುಗಳಲ್ಲಿ ಎರಡು ಅನುಪಾತ ಬಂದದ್ದಕ್ಕೆ ಕಾರಣವಿದೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪಿನದು 4.88. ಯುದ್ಧ ಮುಗಿದ ಮೇಲೆ, 1945ರಲ್ಲಿ, ಅದೇ ಕಂಪನಿ ಹೊಲದ ಕೆಲಸಕ್ಕೂ ಆಗಬೇಕೆಂದು ಸಿಜೆ-2ಎ ತಂದಾಗ ಅನುಪಾತವನ್ನು 5.38ಕ್ಕೆ ಏರಿಸಿತು. ಓಟ ಕಡಿಮೆ, ಎಳೆತ ಹೆಚ್ಚು. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ ಬೆಳೆಸಿದ್ದು ವಿಲ್ಲೀಸಿನ ಸಂತತಿಯನ್ನೇ. ಹಾಗಾಗಿ ಹೊರಗಿನಿಂದ ಅವಳಿಗಳಂತೆ ಕಾಣುವ, ಒಳಗೆ ಬೇರೆ ಬೇರೆ ಹಲ್ಲಿನ ಆಕ್ಸಲ್‌ಗಳು ಗುಜರಿಯಲ್ಲಿ ಅಕ್ಕಪಕ್ಕದಲ್ಲೇ ಬಿದ್ದಿರುತ್ತವೆ.

ಹಾಗಾದರೆ ಕುಮಟಾಕ್ಕೆ ಹೋಗಿ ಬಂದಾಗ ಏನೂ ಆಗಲಿಲ್ಲವೇಕೆ? ಟೂ ವೀಲಿನಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುತ್ತದೆ. ಮುಂದಿನವು ಎತ್ತಿನ ಗಾಡಿಯ ಚಕ್ರದ ಹಾಗೆ ಸುಮ್ಮನೆ ಉರುಳುತ್ತವೆ. ಹಿಂದಿನ ಅನುಪಾತ ಏನೇ ಇರಲಿ, ಅವಕ್ಕೆ ಅದರ ಹಂಗಿಲ್ಲ. ಫೋರ್ ವೀಲ್ ಹಾಕಿದ ಕೂಡಲೇ ಚಿತ್ರ ಬದಲಾಗುತ್ತದೆ. ಗೇರ್ ಬಾಕ್ಸಿನ ಬೆನ್ನಿಗಿರುವ ಟ್ರಾನ್ಸ್‌ಫರ್ ಕೇಸ್ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳನ್ನು ಒಂದಕ್ಕೊಂದು ಕಚ್ಚಿಸಿಬಿಡುತ್ತದೆ. ಈ ಜೀಪುಗಳಲ್ಲಿ ಆ ಎರಡರ ನಡುವೆ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇರುವುದಿಲ್ಲ. ಒಂದು ಶಾಫ್ಟು ನೂರು ಸುತ್ತು ತಿರುಗಿದರೆ ಇನ್ನೊಂದೂ ನೂರೇ ತಿರುಗಬೇಕು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು ಹೆಜ್ಜೆ ಹೊಂದಿಸಿಯೇ ನಡೆಯಬೇಕಾದ ಹಾಗೆ.

ನನ್ನ ಜೀಪಿನ ಟಯರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ. 100 ಮೀಟರಿಗೆ ನಲವತ್ತೈದೂವರೆ ಸುತ್ತು ಎಂದಿಟ್ಟುಕೊಳ್ಳಿ. ಅಷ್ಟು ದೂರಕ್ಕೆ 4.88ರ ಹಿಂದಿನ ಆಕ್ಸಲ್ ತನ್ನ ಶಾಫ್ಟಿನಿಂದ ಸುಮಾರು 222 ಸುತ್ತು ಕೇಳುತ್ತದೆ. 5.38ರ ಮುಂದಿನ ಆಕ್ಸಲ್ ಸುಮಾರು 244 ಕೇಳುತ್ತದೆ. ಟ್ರಾನ್ಸ್‌ಫರ್ ಕೇಸ್ ಕೊಡುವುದು ಇಬ್ಬರಿಗೂ ಒಂದೇ ಲೆಕ್ಕ. ಹಿಂದಿನ ಚಕ್ರಗಳು 100 ಮೀಟರ್ ಹೋಗುವಷ್ಟರಲ್ಲಿ ಮುಂದಿನವುಗಳಿಗೆ ಸಿಗುವ ಸುತ್ತು 91 ಮೀಟರಿಗೂ ಸಾಲದು. ಆದರೆ ನಾಲ್ಕೂ ಚಕ್ರಗಳು ಒಂದೇ ಚಾಸಿಗೆ ಬಿಗಿದಿರುವುದರಿಂದ ಮುಂದಿನವೂ 100 ಮೀಟರ್ ಹೋಗಲೇಬೇಕು. ಉಳಿದ ಒಂಬತ್ತು ಚಿಲ್ಲರೆ ಮೀಟರನ್ನು ಯಾವುದಾದರೂ ಟಯರು ಜಾರಿಯೇ ತುಂಬಬೇಕು.

ಕೆಸರಿನಲ್ಲಿ ಜಾರುವುದು ಸುಲಭ, ಅಲ್ಲಿ ನಮಗೆ ಗೊತ್ತೂ ಆಗುವುದಿಲ್ಲ. ಗಟ್ಟಿ ನೆಲದಲ್ಲಿ ಟಯರು ಜಾರಲು ಒಪ್ಪುವುದಿಲ್ಲ. ಆಗ ಆ ವ್ಯತ್ಯಾಸ ಕಬ್ಬಿಣದೊಳಗೆ ಸೇರಿಕೊಳ್ಳುತ್ತದೆ. ಆಕ್ಸಲ್ ಶಾಫ್ಟುಗಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತವೆ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳ (ತುದಿಯ ಕೀಲುಗಳ) ಮೇಲೆ, ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳ ಮೇಲೆ ಒತ್ತಡ ಏರುತ್ತದೆ. ಹಲ್ಲಿಗೆ ಹಲ್ಲು ಅಷ್ಟು ಬಿಗಿಯಾಗಿ ಒತ್ತಿಕೊಂಡಾಗ ಲಿವರ್ ಹೇಗೆ ಜಾರೀತು? ಜಾಕಿನ ಮೇಲೆ ನನ್ನ ಚಕ್ರ ತಾನಾಗಿ ಹಿಂದಕ್ಕೆ ತಿರುಗಿದ್ದು ಆ ಹುರಿ ಬಿಚ್ಚಿಕೊಂಡದ್ದು. ಬೆರಳು ಅಲ್ಲಿ ಇಟ್ಟಿದ್ದರೆ ಹೋಗುತ್ತಿತ್ತು. ಹೀಗೆ ಕಚ್ಚಿಕೊಂಡಾಗ ಮೊದಲು ಮಾಡಬೇಕಾದದ್ದು ಜಾಕ್ ಹಚ್ಚುವುದಲ್ಲ. ಬಂದ ದಾರಿಯಲ್ಲೇ ನೇರವಾಗಿ ನಾಲ್ಕಾರು ಅಡಿ ರಿವರ್ಸ್ ತೆಗೆದುಕೊಳ್ಳುವುದು. ಹುರಿ ಬಿಟ್ಟುಕೊಂಡು ಲಿವರ್ ಬರುತ್ತದೆ.

ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ ಹಾಕಿದರೆ ವ್ಯತ್ಯಾಸ ಹೆಚ್ಚಾಗುವುದಿಲ್ಲ, ಅದೇ ಶೇಕಡಾ ಹತ್ತು. ಆದರೆ ಎಂಜಿನ್ ಈಗ ಸುಮಾರು ಎರಡೂವರೆ ಪಟ್ಟು ಬಲದಿಂದ ದೂಡುತ್ತಿರುತ್ತದೆ. ಹೈಯಲ್ಲಿ ಬಿಗಿದು ನಿಲ್ಲುತ್ತಿದ್ದ ಗಾಡಿ ಲೋದಲ್ಲಿ ನಿಲ್ಲದೆ ಏನನ್ನಾದರೂ ಮುರಿಯುತ್ತದೆ.

ತಿರುವಿನ ಲೆಕ್ಕ ಇನ್ನೂ ಕೆಟ್ಟದ್ದು. ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಹೋಗುತ್ತವೆ. 80 ಅಂಗುಲ ವೀಲ್‌ಬೇಸಿನ ಚಿಕ್ಕ ಜೀಪು ಒಂದು ಬಿಗಿ ತಿರುವು ತೆಗೆದುಕೊಳ್ಳುತ್ತಿದೆ, ಹಿಂದಿನ ಆಕ್ಸಲ್‌ನ ನಡುಭಾಗ 6 ಮೀಟರ್ ತ್ರಿಜ್ಯದಲ್ಲಿ ಸಾಗುತ್ತಿದೆ ಎಂದುಕೊಂಡರೆ, ಮುಂದಿನದರ ದಾರಿ ಶೇಕಡಾ ಐದೂವರೆಯಷ್ಟು ಉದ್ದ. ಎರಡೂ ಆಕ್ಸಲ್ ಒಂದೇ ಅನುಪಾತದ್ದಾಗಿದ್ದರೂ ಈ ಐದೂವರೆ ತಪ್ಪುವುದಿಲ್ಲ. ಡಾಂಬರಿನ ಮೇಲೆ ಫೋರ್ ವೀಲ್ ಬೇಡ ಎಂದು ಹಿರಿಯ ಚಾಲಕರು ಹೇಳುವುದು ಇದಕ್ಕೇ. ನನ್ನ ಜೀಪಿನಲ್ಲಿ ಹೆಚ್ಚು ದೂರ ಹೋಗಬೇಕಾದ ಮುಂದಿನ ಚಕ್ರಗಳಿಗೇ ಕಡಿಮೆ ಸುತ್ತು ಸಿಗುತ್ತಿತ್ತು. ಎರಡೂ ಸೇರಿ ತಿರುವಿನಲ್ಲಿ ವ್ಯತ್ಯಾಸ ಶೇಕಡಾ ಹದಿನಾರನ್ನು ದಾಟುತ್ತದೆ.

ಒಂದು ಕೂದಲೆಳೆಯ ವ್ಯತ್ಯಾಸವೂ ಇರಬಾರದೇ ಎಂದರೆ, ಇರಬಹುದು. ಹಲ್ಲುಗಳು ಯಾವಾಗಲೂ ಪೂರ್ಣ ಸಂಖ್ಯೆಯಲ್ಲೇ ಇರಬೇಕಾದ್ದರಿಂದ ಬೇರೆ ಬೇರೆ ಗಾತ್ರದ ಆಕ್ಸಲ್‌ಗಳಲ್ಲಿ ದಶಾಂಶದ ಎರಡನೆಯ ಅಂಕಿ ಅತ್ತಿತ್ತ ಆಗುವುದುಂಟು. 41ಕ್ಕೆ 10 ಹಲ್ಲಾದರೆ 4.10, 45ಕ್ಕೆ 11 ಆದರೆ 4.09. ಇವೆರಡನ್ನು ಜೋಡಿಸಿದರೆ 100 ಮೀಟರಿಗೆ ಒಂದು ಗೇಣಿನಷ್ಟು ಹೆಚ್ಚುಕಡಿಮೆ. ಅಷ್ಟನ್ನು ಟಯರಿನ ರಬ್ಬರೇ ನುಂಗಿಕೊಳ್ಳುತ್ತದೆ. ಶೇಕಡಾ ಒಂದರ ಒಳಗಿದ್ದರೆ ನಾನು ಚಿಂತಿಸುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಗಾಡಿಗೆ ಕೂಡಿಸುವುದೇ ಇಲ್ಲ. ಟಯರಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಹಿಂದೆ ಹೊಸ ಟಯರು, ಮುಂದೆ 8 ಮಿಲಿಮೀಟರ್ ಸವೆದ ಟಯರು ಹಾಕಿದರೆ ಸುತ್ತಳತೆಯಲ್ಲಿ ಶೇಕಡಾ ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಗ್ಯಾರೇಜಿನ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬರು ಇದನ್ನೇ ತಿರುಗಿಸಿ ಒಂದು ಉಪಾಯ ಹೇಳಿದರು: ಮುಂದೆ ಶೇಕಡಾ ಹತ್ತು ದೊಡ್ಡ ಟಯರು ಹಾಕಿದರೆ ಎಲ್ಲ ಸರಿಹೋಗುತ್ತದಲ್ಲ? ಕಾಗದದ ಮೇಲೆ ಸರಿಹೋಗುತ್ತದೆ, ನಿಜ. ಆದರೆ ಟಯರು ಸವೆಯುತ್ತ ಹೋದಂತೆ ಲೆಕ್ಕ ತಪ್ಪುತ್ತದೆ, ಗಾಳಿ ಇಳಿದರೂ ತಪ್ಪುತ್ತದೆ. ಒಂದು ಸ್ಟೆಪ್ನಿಯಿಂದ ಎರಡೂ ಕಡೆಗೆ ಆಗುವುದಿಲ್ಲ. ಸ್ಟೇರಿಂಗು, ಬ್ರೇಕುಗಳ ನಡತೆಯೂ ಬದಲಾಗುತ್ತದೆ. ಘಟ್ಟ ಇಳಿಯುವ ಗಾಡಿಗೆ ಅಂಥದ್ದನ್ನು ಮಾಡಬಾರದು.

ಈಗ ಹಲ್ಲು ಎಣಿಸುವ ವಿಷಯ. ಆಕ್ಸಲ್‌ನ ನಡುವಿನ ಗುಂಡು ಭಾಗದಲ್ಲಿ, ಎಡ ಬಲ ಚಕ್ರಗಳ ನಡುವೆ, ಒಂದು ಡಿಫರೆನ್ಷಿಯಲ್ ಇದ್ದೇ ಇರುತ್ತದೆ. ಅದರ ಮುಚ್ಚಳದ ಒಂದು ಬೋಲ್ಟಿನ ಅಡಿಯಲ್ಲಿ ಚಿಕ್ಕ ತಗಡಿನ ಬಿಲ್ಲೆ ಇರುವುದುಂಟು. ಗ್ರೀಸು, ಮಣ್ಣು ಕೆರೆದರೆ ಅದರ ಮೇಲೆ ಹಲ್ಲಿನ ಸಂಖ್ಯೆ ಕಾಣುತ್ತದೆ. ಬಿಲ್ಲೆ ಸಿಕ್ಕರೆ ಸಂತೋಷ, ಆದರೆ ಅದನ್ನು ಮಾತ್ರ ನಂಬಿ ಹಣ ಕೊಡಬೇಡಿ. ಯಾವಾಗಲೋ ಯಾರೋ ಒಳಗಿನದನ್ನು ಬದಲಿಸಿರಬಹುದು. ಮುಚ್ಚಳ ತೆಗೆಯಲು ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು, ಕ್ರೌನಿನ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸಬಹುದು. ಎಷ್ಟೋ ಕ್ರೌನುಗಳ ಅಂಚಿನಲ್ಲಿ ಸಂಖ್ಯೆಯನ್ನು ಕೊರೆದೇ ಇರುತ್ತಾರೆ.

ತೆಗೆಯಲು ಬಿಡದಿದ್ದರೆ ಸುತ್ತು ಎಣಿಸುವ ದಾರಿಯಿದೆ, ಇದಕ್ಕೆ ಒಂದು ಹಗ್ಗ ಮತ್ತು ಸೀಮೆಸುಣ್ಣ ಸಾಕು. ಗುಜರಿಯಲ್ಲಿ ಬಿದ್ದ ಆಕ್ಸಲ್‌ನ ಒಂದು ಕಡೆಯ ಡ್ರಮ್ಮನ್ನು ಅಲುಗಾಡದಂತೆ ಕಟ್ಟಿ. ಇನ್ನೊಂದು ಡ್ರಮ್ಮಿಗೂ ಪಿನಿಯನ್ನಿನ ತುದಿಗೂ ಸೀಮೆಸುಣ್ಣದ ಗೆರೆ ಎಳೆಯಿರಿ. ಒಂದು ಕಡೆ ನಿಂತಿದ್ದರೆ ಇನ್ನೊಂದು ಕಡೆ ಎರಡು ಪಟ್ಟು ತಿರುಗುವುದು ಡಿಫರೆನ್ಷಿಯಲ್‌ನ ಗುಣ. ಆದ್ದರಿಂದ ಬಿಟ್ಟ ಡ್ರಮ್ಮಿನ ಎರಡು ಸುತ್ತನ್ನು ಒಂದೆಂದು ಲೆಕ್ಕ ಹಾಕಬೇಕು. ಎರಡೇ ಸುತ್ತಿಗೆ ನೋಡಿದರೆ ಐದೂಕಾಲೋ ಐದೋ ಎಂದು ಗೊಂದಲವಾಗುತ್ತದೆ. ಇಪ್ಪತ್ತು ಸುತ್ತು ತಿರುಗಿಸಿ. ಪಿನಿಯನ್ ಐವತ್ತಮೂರು ಮುಕ್ಕಾಲು ಸುತ್ತು ತಿರುಗಿದರೆ ಅದು 5.38, ನಲವತ್ತೆಂಟು ಮುಕ್ಕಾಲು ಆದರೆ 4.88. ಇಡೀ ಐದು ಸುತ್ತಿನ ಅಂತರ, ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ.

ಗಾಡಿಯ ಮೇಲೇ ಇರುವ ಆಕ್ಸಲ್‌ನಲ್ಲಿ ಹೀಗೆ ಎಣಿಸುವಾಗ ಒಂದು ಅಪಾಯವಿದೆ, ದಯವಿಟ್ಟು ಗಮನಿಸಿ. ಹಳೆಯ ಜೀಪುಗಳ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಒಂದು ಹಿಂದಿನ ಚಕ್ರ ಎತ್ತಿದಿರೋ, ಶಾಫ್ಟು ನಿಂತಿದ್ದರೂ ನೆಲದ ಮೇಲಿನ ಚಕ್ರ ಒಂದು ಕಡೆಗೆ, ಎತ್ತಿದ ಚಕ್ರ ವಿರುದ್ಧ ಕಡೆಗೆ ತಿರುಗಿ ಗಾಡಿ ಉರುಳಬಹುದು. ಹ್ಯಾಂಡ್ ಬ್ರೇಕ್ ಎಳೆದಿದ್ದೇನೆ ಎಂಬ ಧೈರ್ಯದಲ್ಲಿ ಗಾಡಿಯ ಅಡಿಗೆ ಹೋಗಬೇಡಿ. ಉಳಿದ ಮೂರು ಚಕ್ರಗಳಿಗೆ ಎರಡೂ ಬದಿಯಿಂದ ಕಲ್ಲು ಕೊಟ್ಟು, ಆಕ್ಸಲ್ ಕೆಳಗೆ ಭದ್ರವಾದ ಸ್ಟ್ಯಾಂಡ್ ಇಟ್ಟ ಮೇಲೆಯೇ ಮುಂದಿನ ಕೆಲಸ.

ಇದಕ್ಕಿಂತ ಸುಲಭವಾದದ್ದನ್ನು ಮೇಸ್ತ್ರಿ ನಮ್ಮ ಅಡಿಕೆ ಒಣಗಿಸುವ ಅಂಗಳದಲ್ಲಿ ತೋರಿಸಿದರು. ಹಬ್‌ಗಳನ್ನು ಲಾಕ್ ಮಾಡಿಸಿ, ಲಿವರನ್ನು ಟೂ ವೀಲಿನಲ್ಲಿಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಎರಡೂ ಶಾಫ್ಟುಗಳಿಗೆ ಬಿಳಿ ಗೆರೆ ಹಾಕಿದರು. ನಾಲ್ವರು ಸೇರಿ ಜೀಪನ್ನು ನೇರವಾಗಿ, ಮೆಲ್ಲಗೆ ದೂಡಿದೆವು. ಒಬ್ಬ ಮುಂದಿನ ಶಾಫ್ಟು ಎಣಿಸಿದ, ಇನ್ನೊಬ್ಬ ಹಿಂದಿನದು. ಚಕ್ರ ಐದು ಸುತ್ತು ಉರುಳಿತು, ಹನ್ನೊಂದು ಮೀಟರ್. ಮುಂದಿನದು ಇಪ್ಪತ್ತೇಳಕ್ಕೆ ಸ್ವಲ್ಪ ಕಡಿಮೆ. ಹಿಂದಿನದು ಇಪ್ಪತ್ತನಾಲ್ಕು ದಾಟಿ ನಿಂತಿತ್ತು. “ನೋಡಿದಿರಾ, ನಿಮ್ಮ ಅಂಗಳದಷ್ಟು ದೂರಕ್ಕೇ ಎರಡೂವರೆ ಸುತ್ತಿನ ಜಗಳ” ಎಂದರು ಅವರು.

ಸರಿಪಡಿಸುವ ದಾರಿಗಳು ಮೂರು. ಮುಂದಿನ ಶಾಫ್ಟನ್ನು ಬಿಚ್ಚಿಟ್ಟು ಟೂ ವೀಲಿನಲ್ಲೇ ಓಡಿಸುವುದು ಒಂದು. ದಾರಿ ಕಾಣುವವರೆಗೆ ಅದು ಸರಿ, ನಾವೂ ಹದಿನೈದು ದಿನ ಹಾಗೇ ಇದ್ದೆವು. ಎರಡನೆಯದು, ಮುಂದಿನದನ್ನೂ 4.88 ಮಾಡುವುದು. ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆಯೇ ಇದು: ಸಾಧ್ಯವಾದರೆ ಒಂದೇ ಗಾಡಿಯಿಂದ ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡನ್ನೂ ಜೊತೆಯಾಗಿಯೇ ತನ್ನಿ. ಆದರೆ ನನ್ನ ಕೆಲಸಕ್ಕೆ 5.38 ಬೇಕಿತ್ತು. ಹಳೆಯ ಮೂರು ಗೇರಿನ ಬಾಕ್ಸಿನ ಮೊದಲ ಗೇರು 2.798, ಲೋ 2.46, ಅದಕ್ಕೆ 5.375 ಗುಣಿಸಿದರೆ ಒಟ್ಟು 37. ಅಂದರೆ ಎಂಜಿನ್ 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 4.875ರಲ್ಲಿ ಇದು ಮೂವತ್ತಮೂರೂವರೆಗೆ ಇಳಿಯುತ್ತದೆ. ಗೊನೆ ಹೇರಿಕೊಂಡು ಏರು ಹತ್ತುವಾಗಲೂ, ಬ್ರೇಕ್ ಮುಟ್ಟದೆ ಎಂಜಿನ್ನಿನ ಹಿಡಿತದಲ್ಲೇ ಇಳಿಯುವಾಗಲೂ ಆ ಮೂರೂವರೆಯ ಬೆಲೆ ತಿಳಿಯುತ್ತದೆ. ದೇವಿಮನೆಯಲ್ಲಿ ನನಗೆ ಹಿತವೆನಿಸಿದ ಎಂಜಿನ್ನಿನ ಮೌನವೂ ಇದೇ ಲೆಕ್ಕದ್ದು. ಟಾಪ್ ಗೇರಿನಲ್ಲಿ ಗಂಟೆಗೆ 40 ಕಿಲೋಮೀಟರ್ ಹೋಗುವಾಗ ನಿಮಿಷಕ್ಕೆ ಸುಮಾರು 1,630 ಸುತ್ತು ತಿರುಗುತ್ತಿದ್ದ ಎಂಜಿನ್ 1,480ಕ್ಕೆ ಇಳಿದಿತ್ತು. ಸ್ಪೀಡೋಮೀಟರ್ ಶಾಫ್ಟಿನ ಸುತ್ತನ್ನೇ ಎಣಿಸುವುದರಿಂದ ಅದೂ ಕಡಿಮೆ ತೋರಿಸುತ್ತಿತ್ತು: ಮುಳ್ಳು 40ರಲ್ಲಿದ್ದಾಗ ಗಾಡಿಯ ನಿಜವಾದ ವೇಗ 44.

ನಾವು ಹಿಡಿದದ್ದು ಮೂರನೆಯ ದಾರಿ. ಒಡೆದದ್ದು ಹಳೆಯ ಹೌಸಿಂಗ್ ಮಾತ್ರ, ಅದರೊಳಗಿನ 43–8ರ ಜೋಡಿ ಚೆನ್ನಾಗಿಯೇ ಇತ್ತು. ಅದನ್ನು ತೆಗೆದು ಗುಜರಿಯ ಹೌಸಿಂಗಿಗೆ ಕೂಡಿಸಿದೆವು. ಹೇಳುವಷ್ಟು ಸುಲಭದ ಕೆಲಸವಲ್ಲ ಇದು. ಕ್ರೌನ್ ಮತ್ತು ಪಿನಿಯನ್ನನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ. ಇವರನ್ನು ಅಗಲಿಸಿ ಬೇರೆ ಜೋಡಿ ಕಟ್ಟಬಾರದು. ಎಲ್ಲ ಕ್ರೌನೂ ಎಲ್ಲ ಕ್ಯಾರಿಯರಿಗೆ (ಕ್ರೌನನ್ನು ಹೊತ್ತು ನಿಲ್ಲುವ ಭಾಗಕ್ಕೆ) ಕೂರುವುದೂ ಇಲ್ಲ. ಡಾನಾ 44 ಎಂಬ ಪ್ರಸಿದ್ಧ ಆಕ್ಸಲ್‌ನಲ್ಲಿ 3.73 ಮತ್ತು ಅದಕ್ಕಿಂತ ಕೆಳಗಿನ ಅನುಪಾತಕ್ಕೆ ಒಂದು ಕ್ಯಾರಿಯರ್, 3.92 ಮತ್ತು ಮೇಲಿನದಕ್ಕೆ ಇನ್ನೊಂದು. ನಮ್ಮ ಎರಡೂ ಮೇಲಿನ ಗುಂಪಿಗೇ ಸೇರಿದ್ದರಿಂದ ಆ ತೊಡಕು ಬರಲಿಲ್ಲ. ಇನ್ನೊಂದನ್ನೂ ಕೊಳ್ಳುವಾಗಲೇ ನೋಡಿಕೊಳ್ಳಬೇಕು: ಹಳೆಯ ಜೀಪುಗಳಲ್ಲಿ ಡಿಫರೆನ್ಷಿಯಲ್ ನಟ್ಟನಡುವೆ ಇರದೆ ಒಂದು ಬದಿಗೆ ಸರಿದಿರುತ್ತದೆ, ಆಮೇಲಿನ ಕೆಲವು ಮಾದರಿಗಳಲ್ಲಿ ನಡುವೆ ಇರುತ್ತದೆ. ಅದು ಹೊಂದದಿದ್ದರೆ ಶಾಫ್ಟು ಓರೆಯಾಗಿ ಕ್ರಾಸುಗಳನ್ನು ತಿನ್ನುತ್ತದೆ.

ಮೇಸ್ತ್ರಿ ಕುಳಿತು ಮಾಡಿದ ಕೆಲಸವನ್ನು ನಾನು ಇಡೀ ಮಧ್ಯಾಹ್ನ ನೋಡಿದೆ. ಪಿನಿಯನ್ ಎಷ್ಟು ಒಳಗೆ ಕೂರಬೇಕು ಎಂಬುದನ್ನು ತೀರ್ಮಾನಿಸುವುದು ಕಾಗದದಷ್ಟು ತೆಳುವಾದ ಶಿಮ್‌ಗಳು. ಒಂದು ಹಾಕಿ, ಬಿಗಿದು, ಕ್ರೌನಿನ ನಾಲ್ಕಾರು ಹಲ್ಲಿಗೆ ಬಣ್ಣದ ಲೇಪ ಸವರಿ, ತಿರುಗಿಸಿ, ಬಣ್ಣ ಎಲ್ಲಿ ಅಳಿಸಿದೆ ಎಂದು ನೋಡುತ್ತಿದ್ದರು. ಗುರುತು ಹಲ್ಲಿನ ತುದಿಗೆ ಬಂದಿತ್ತು. ಮತ್ತೆ ಬಿಚ್ಚಿದರು. ಇನ್ನೊಂದು ಶಿಮ್. ಈಗ ಬುಡಕ್ಕೆ. ನಾಲ್ಕನೆಯ ಸಲ ಹಲ್ಲಿನ ನಡುವೆ, ಅಡಿಕೆ ಹೋಳಿನ ಆಕಾರದಲ್ಲಿ, ಗುರುತು ಮೂಡಿತು. ಆಮೇಲೆ ಎರಡು ಹಲ್ಲಿನ ನಡುವಿನ ಸಡಿಲವನ್ನು ಡಯಲ್ ಗೇಜ್ ಇಟ್ಟು ಅಳೆದರು. ಅದು ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕೂ ಕಡಿಮೆ ಬಂದ ಮೇಲೆಯೇ ಅವರು ಎದ್ದದ್ದು. ಇದನ್ನು ಕಣ್ಣಳತೆಯಲ್ಲಿ ಮಾಡಿ ಮುಗಿಸುವವರ ಕೈಗೆ ಗಾಡಿ ಕೊಡಬೇಡಿ. ಸಡಿಲ ಹೆಚ್ಚಾದರೆ ಹಲ್ಲು ಬಡಿದು ಒಡೆಯುತ್ತದೆ, ಕಡಿಮೆಯಾದರೆ ಕಾದು ಕಿತ್ತುಕೊಳ್ಳುತ್ತದೆ.

ಎಣ್ಣೆ ತುಂಬಿ ಮುಚ್ಚಳ ಹಾಕಿದ ಮೇಲೆ ಮತ್ತೆ ಅಂಗಳದಲ್ಲಿ ದೂಡಿದೆವು. ಐದು ಸುತ್ತಿಗೆ ಮುಂದಿನದು ಇಪ್ಪತ್ತೇಳಕ್ಕೆ ಸ್ವಲ್ಪ ಕಡಿಮೆ, ಹಿಂದಿನದೂ ಅಷ್ಟೇ, ಎರಡೂ ಬಿಳಿ ಗೆರೆಗಳು ಒಂದೇ ಕಡೆಗೆ ಮುಖ ಮಾಡಿ ನಿಂತವು. ಫೋರ್ ವೀಲ್ ಹಾಕಿ ಜಂಬಿಟ್ಟಿಗೆಯ ಮೇಲೆ ನೇರವಾಗಿ ಹೋಗಿ ಬಂದು ಲಿವರ್ ಎಳೆದೆ. ಬಂತು.

ಹೊರಡುವ ಮುನ್ನ ಮೇಸ್ತ್ರಿ ಮುಚ್ಚಳದ ಬೋಲ್ಟಿನಡಿಯ ಬಿಲ್ಲೆಯನ್ನು ತೋರಿಸಿದರು. ಅದರ ಮೇಲೆ ಇನ್ನೂ 39, 8 ಎಂದೇ ಇತ್ತು. ಅದನ್ನು ಬಿಚ್ಚಿ ಬಿಸಾಡಿದೆವು. ಡಬ್ಬದ ತಗಡಿನ ತುಂಡೊಂದನ್ನು ಕತ್ತರಿಸಿ, ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ 43, 8 ಎಂದು ಬಡಿದು, ಅದೇ ಬೋಲ್ಟಿನಡಿಗೆ ಸೇರಿಸಿ ಬಿಗಿದೆ.